ಟೆಂಪೊದಾಂವನ ಎಣಿಕಿ

ಗದಗ ಸ್ಟೇಷನ್ ಮುಂದ ನಾಕೂವರಿಗೆ ಹತ್ತಿಸ್ಕೊಂಡೆ
ಹನ್ನೊಂದು ಮಂದಿ, ಹನ್ನೊಂದು ಮಂಕಿಟೊಪಗಿ,
ಕೊಳ್ಳಾಗ ಎಮ್ಮಿ ಗಂಟಿಯಂಗ ಜೋತ ದುರ್ಬೀನು.
ಮೊನ್ನೆ ಕೆಲಗೇರಿ, ನಿನ್ನೆ ಉಣಕಲ್ಲ,
ಇವತ್ತು ಮಾಗಡಿ ಕೆರಿ.
ಎಂಟು ಚಳಿಗಾಲ ಇದ ದಾರಿ ಹೊಡದೇನಿ.
ಕೆರಿಗೆ ಬೆನ್ನ ಮಾಡಿ ಗಾಡಿ ನಿಲ್ಲಸೂದು,
ಸೀಟ ಚಾಚಿ ಮಾರಿಮ್ಯಾಲ ಟಾವೆಲ್ ಹೊಚಗೊಳ್ಳೂದು.
ಹಕ್ಕಿ ನೋಡಾಕ ರೊಕ್ಕಾ ಕೊಟ್ಟಾವ್ರು ಅವರು,
ನನಗ ಕೊಡೂದು ಗಾಡಿ ನೋಡಾಕ.

ಗೈಡು ಫಕೀರವ್ವ. ಸೀರಿ ಮ್ಯಾಲ ಖಾಕಿ ಸ್ವೆಟರು,
ಬಗಲಾಗ ಉದ್ದನ್ನ ಲೆಕ್ಕದ ವಹಿ.
"ಮಾತ ಸಾಕ್ರಿ. ಬಟ್ಟ ಮಾಡಿ ತೋರಸಬ್ಯಾಡ್ರಿ.
ಕೆಂಪ ಶಾಲಿನ ಅಕ್ಕಾರು ಹಿಂದಕ್ಕ ನಿಂದರ್ರಿ."
ಆರನೇತ್ತಾಗ ಸಾಲಿ ಬಿಟ್ಟಾಕಿ.
ಡಾಕ್ಟರು, ಇಂಜಿನಿಯರು, ರಿಟೈರಾದ ಜಡ್ಜು
ಆಕಿ ಕೈ ಎತ್ತಿದ್ರ ಕೆಮ್ಮು ನುಂಗತಾರ.

ರಾತ್ರಿಪೂರ್ತಿ ಎರಿಹೊಲದಾಗ ಮೇದು
ಹೊತ್ತ ಮೂಡೂದ್ರಾಗ ನೀರಿಗೆ ಇಳೀತಾವು ಹೆಬ್ಬಾತು.
ಮೊದಲ ಗದ್ದಲ ಕೇಳತೈತಿ, ಸಾಲಿ ಬಿಟ್ಟಂಗ.
ಆಮ್ಯಾಲ ಕಪ್ಪತಗುಡ್ಡದ ಕಡಿಂದ
ಗಾಳಿಫ್ಯಾನಿನ ಸಾಲ ತಪ್ಪಿಸಿ
ಒಂದ ಗೆರಿ, ಅದರ ಹಿಂದ ಇನ್ನೊಂದು ಸೊಟ್ಟ ಗೆರಿ.
ಹಿಮಾಲಯ ಜಿಗದು ಬಂದಾವಂತ.
ಹಿಂದೊಮ್ಮೆ ಒಂದರ ಕೊಳ್ಳಾಗ ಪಟ್ಟಿ ಇತ್ತಂತ,
ಮಂಗೋಲಿಯಾದ ಮಂದಿ ಹಾಕಿದ್ದಂತ.
ನನಗ ಹುಬ್ಬಳ್ಳಿ ಮುಟ್ಟೂದ್ರಾಗ
ಟೋಲಿನ ಚೀಟಿ ಹರಸಿ ಹರಸಿ ಸಾಕಾಗತೈತಿ.

ಆವತ್ತ ಸೊಲ್ಲಾಪುರದ ಮಾಸ್ತರಿಗೆ ಸೊಂಟ ಹಿಡೀತು.
ಗಾಡಿ ಇಳೀಲಿಲ್ಲ. ಟಾವೆಲ್ ಎಳದು ನನ್ನ ಎಬ್ಬಿಸಿ
ದುರ್ಬೀನು ಕೈಯಾಗ ಇಟ್ಟ.
"ನನ್ನ ಪಾಲಿಂದು ನೀನರ ನೋಡೋ ತಮ್ಮಾ."
ಪಾಲು ಅನ್ನೂ ಮಾತು ನನಗ ಸೇರೂದಿಲ್ಲ.
ಅಂದ್ರೂ ಇಳದೆ.

ಮೊದಲ ಕತ್ತಲಿ. ನನ್ನವ ರೆಪ್ಪಿ ಕೂದಲಾ.
ಗಾಲಿ ತಿರವಿದೆ, ಮಂಜು. ಮತ್ತ ತಿರವಿದೆ,
ಮೂಗಿನ ಮುಂದ ಒಂದ ಹಕ್ಕಿ!
ಬಿಳಿ ತಲಿ, ಹಿಂದಲಿಗೆ ಎರಡು ಕರೀ ಗೀರು,
ಮಾಸ್ತರು ಪಾಟಿಮ್ಯಾಲ ಎಳದಂಗ.
ನೀರ ಕುಡದು ಕೊಳ್ಳ ಕೊಡವಿತು.
ನನ್ನ ಮಾರಿಗೆ ಸಿಡೀತೇನೋ ಅಂತ ಹಿಂದ ಸರದೆ,
ಮಾಸ್ತರು ನಕ್ಕರು.

ದುರ್ಬೀನು ಜರಾ ಮ್ಯಾಲಕ್ಕ ಹೋತು.
ಆಚಿ ದಂಡಿ. ಕಡ್ಲಿ ಹೊಲ. ಬದುವಿನ ಬನ್ನಿಗಿಡ.
ಗಿಡದ ಬುಡಕ ಕಂಬಳಿ ಹೊತ್ತು
ಎಣ್ಣಿಡಬ್ಬಿ ಹಿಡಕೊಂಡು ಕುಂತಾಂವ
ನನ್ನ ಬೆನ್ನಿಗೆ ಹುಟ್ಟಿದಾಂವ, ಹುಚ್ಚೀರಪ್ಪ.
ಐದು ವರ್ಷಾತು.
ಎಳ್ಳಮಾಸಿ ಚರಗಾ ಚೆಲ್ಲಾಕ ಹೋದಾಗ
ಆ ಗಿಡ ಯಾರ ಪಾಲಿಗೆ ಅಂತ ಶುರುವಾಗಿ
ಬಿಚ್ಚಿದ ಬುತ್ತಿ ಹಂಗ ಕಟಗೊಂಡು ಬಂದ್ವಿ.
ಸಜ್ಜಿ ರೊಟ್ಟಿ ಮರುದಿನ ಆಕಳಾ ತಿಂದ್ವು.
ಸಂತ್ಯಾಗ ಎದುರ ಬಂದ್ರ ಅಂವ ಬಾಳಿಹಣ್ಣಿನ ಕಡೆ ನೋಡತಾನ,
ನಾ ಚಪ್ಪಲಿ ಕಡೆ.

ಈಗ ಕೈ ಚಾಚಿದ್ರ ಸಿಗತಾನ.
ಗಡ್ಡ ಬೆಳ್ಳಗಾಗೇತಿ. ಯಾವಾಗಾತು?
ಅವನ ಕಡ್ಲ್ಯಾಗ ಇನ್ನೂ ಒಂದ ಹಿಂಡು ಮೇಯತೈತಿ,
ಡಬ್ಬಿ ಬಾರಸಿ ಎಬ್ಬಸಬೇಕು ಅಂವ.
ಬಾರಸವಲ್ಲ. ಕಟಗಿ ತೊಡಿಮ್ಯಾಲ ಐತಿ.
ತುಟಿ ಅಷ್ಟ ಅಲಗತಾವು.
ಎಣಸಾಕತ್ತಾನ.
ಸಣ್ಣಾಂವ ಇದ್ದಾಗ ಎಣಿಕಿ ಹೇಳೂವಾಗ
ಹದಿನೆಂಟು ಆದಮ್ಯಾಲ ಸೀದಾ ಇಪ್ಪತ್ತಕ್ಕ ಜಿಗೀತಿದ್ದ,
ಅಪ್ಪನ ಕಡೆ ಬಡಿಸಿಕೊಂಡ್ರೂ ಜಿಗೀತಿದ್ದ.
ನಾನೂ ಅವನ ತುಟಿ ಹಿಡಕೊಂಡು ಹೊಂಟೆ,
ಹದಿನಾರು, ಹದಿನೇಳು, ಹದಿನೆಂಟು,
ಭರ್ ಅಂತ ಹಿಂಡು ಎದ್ದು
ಇಬ್ಬರ ನಡಕ ಬರೇ ರೆಕ್ಕಿ.

"ಆಚಿ ದಂಡಿ ಲೆಕ್ಕ ಯಾರ ಹಿಡದ್ರಿ?" ಫಕೀರವ್ವ ಕೇಳಿದ್ಲು.
"ಹದಿನೆಂಟು" ಅಂದೆ.
"ಅಷ್ಟ ಹೆಂಗಾಗತೈತೋ, ಇನ್ನೂರ ಅದಾವು ಅಲ್ಲಿ!"
ಜಡ್ಜರು ಬ್ಯಾರೆ ಲೆಕ್ಕ ಹೇಳಿದ್ರು, ಆಕಿ ಅದನ್ನ ಬರಕೊಂಡ್ಲು.

ಬಿಸಲಾತು. ಎಲ್ಲಾರೂ ಹತ್ತಿದ್ರು.
ಹಾರ್ನಿನ ಮ್ಯಾಲ ಕೈ ಇಟ್ಟೆ.
"ಕೆರೆಯ ಬಳಿ ಹಾರ್ನ್ ಮಾಡಬಾರದು"
ಎದುರಾ ಬೋರ್ಡ ಐತಿ, ನನ್ನ ಕಣ್ಣಮುಂದನ ನೆಟ್ಟಾರ.
ಕೈ ತಗದೆ, ಗೇರ ಹಾಕಿದೆ.
"ಏನ ಕಂಡ್ಯೋ ತಮ್ಮಾ?" ಮಾಸ್ತರು ಹಿಂದಿಂದ.

"ದುರ್ಬೀನಿಗೆ ಎಷ್ಟಾಗತೈತ್ರಿ ಸರ?"