ಒಳಜೇಬು

ನಾಟಕದಲ್ಲಿ ನನಗೆ ಮಾತಿಲ್ಲ.
ಕರಪತ್ರದ ಕೊನೆಯಲ್ಲಿ, ಬೆಳಕಿನವನ ಕೆಳಗೆ, ಚಹಾ ಕೊಟ್ಟವರ ಮೇಲೆ
ಒಂದು ಸಾಲು: ವಸ್ತ್ರ, ಸೆರಾಫಿನಾ ಬಾಯಿ, ಕೋಡಿಬಾಗ.

ನಾಲ್ವರು ಹೆಂಡಂದಿರ ಕತೆ. ಗಂಡಂದಿರು ರಂಗಕ್ಕೆ ಬರುವುದೇ ಇಲ್ಲ,
ಬಾಗಿಲಾಚೆ ಕೆಮ್ಮುತ್ತಾರೆ, ಅಷ್ಟೆ.
ಕೆಮ್ಮಿದೊಡನೆ ನಾಲ್ವರೂ ಸೆರಗು ಸರಿಮಾಡಿಕೊಳ್ಳಬೇಕು.
ಆ ಕೆಮ್ಮಿಗಾಗಿ ಪ್ರಫುಲ್ಲಾ ಟೀಚರು
ಬೈತಖೋಲದ ಹಮಾಲರನ್ನೆಲ್ಲ ಕೆಮ್ಮಿಸಿ ನೋಡಿದರು.
ಕೊನೆಗೆ ಸಿಕ್ಕಿದ್ದು ವಿಮಾ ಕಚೇರಿಯ ಗುನಗಿಯವರು,
ಬರೇ ಗಂಟಲಲ್ಲಿ ಅಧಿಕಾರವಿರುವ ಮನುಷ್ಯ.

ತಾಲೀಮು ಮೀನುಗಾರರ ಸಂಘದ ಮಾಳಿಗೆಯಲ್ಲಿ.
ಕೆಳಗೆ ಬಲೆ, ಡೀಸೆಲ್ ವಾಸನೆ; ಮೇಲೆ ಮುಖ್ಯಮಂತ್ರಿಗಳ ಮನೆ.
ಮುಖ್ಯಮಂತ್ರಿಯ ಹೆಂಡತಿ ಸುಲಕ್ಷಾ ಹರಿಕಂತ್ರ
ಬಂಗಡೆ ಮಾರಿ ಮುಗಿಸಿ, ಕೈಗೆ ನಿಂಬೆ ಉಜ್ಜಿ ಬರುತ್ತಾಳೆ.
ಮಾತು ಮರೆತರೆ ಕೊಂಕಣಿಯಲ್ಲಿ ಬಯ್ಯುತ್ತಾಳೆ,
ಬರೆದವರಿಗೆ.

ಅಳತೆ ತೆಗೆಯುವಾಗ ಕೇಳಿದಳು:
"ಬಾಯೇ, ನೀ ನಿಜವಾದ ಸಾಹೇಬರ ಮನೆಗೇ ಹೊಲೀತಿದ್ದೆಯಂತೆ.
ಹೇಗೆ ಕೂರ್ತಿದ್ದರು ಆ ಅಮ್ಮ? ಹೇಗೆ ಏಳ್ತಿದ್ದರು?"
ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು. ಒಳ್ಳೆಯದಾಯಿತು.

ಅಳತೆ ಪುಸ್ತಕದಲ್ಲಿ ಅವರಿಗೆ ಹೆಸರಿಲ್ಲ,
"ಬಂಗಲೆ" ಎಂದಷ್ಟೇ ಬರೆದಿದ್ದೇನೆ.
ಸಾಹೇಬರು ಸೋತ ವರ್ಷ ಎದೆ ಮೂವತ್ತಾರು,
ಗೆದ್ದ ವರ್ಷ ಮೂವತ್ತೆಂಟು,
ಮಂತ್ರಿಯಾದ ಮೇಲೆ ಮೂವತ್ನಾಲ್ಕು.
ಯಾಕೆಂದು ಕೇಳುವುದು ನನ್ನ ಕಸುಬಲ್ಲ.
ಬಿಡಿಸಿ ಹಿಡಿಯುವುದು ನನ್ನ ಕಸುಬು.

ಆಗಲೇ ಒಂದು ಮಧ್ಯಾಹ್ನ, ಕಾರು ದೂರ ನಿಲ್ಲಿಸಿ ಬಂದು
ಅಂಗಡಿಯ ಪರದೆ ತಾವೇ ಎಳೆದು ಹೇಳಿದರು:
"ಎಡಗಡೆ ಒಳಗೊಂದು ಜೇಬು. ಹೊರಗೆ ಕಾಣಬಾರದು."
ಎಷ್ಟು ದೊಡ್ಡದು?
ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು:
ಬೆಂಗಳೂರಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಅಂಕೋಲೆ,
ಅಂಕೋಲೆಯಿಂದ ತವರಿಗೆ ಆಟೋ.
"ಅಷ್ಟು ದುಡ್ಡು ನಾಲ್ಕು ಮಡಿಕೆ ಆದರೆ ಎಷ್ಟೋ, ಅಷ್ಟು."

ಮನೆಯಲ್ಲಿ ಆರು ಕಾರು.

ಹದಿನೆಂಟು ರವಿಕೆ ಹೊಲಿದೆ, ಹದಿನೆಂಟು ಜೇಬು.
ಬಸ್ಸಿನ ದರ ಏರಿದಾಗ ಅರ್ಧ ಬೆರಳು ಹೆಚ್ಚು ಬಿಟ್ಟೆ,
ಅವರು ಹೇಳದೆಯೇ.
ಹಳೆಯವು ದುರಸ್ತಿಗೆ ಬಂದಾಗ ಒಳಗೆ ಬೆವರಿನ ಕಲೆ,
ಕಲೆಯ ನಡುವೆ ಮಡಿಕೆಯ ಚೌಕ ಗುರುತು.
ಹೋದರೋ ಇಲ್ಲವೋ, ಬಟ್ಟೆ ಅದನ್ನು ಹೇಳುವುದಿಲ್ಲ.

ಸುಲಕ್ಷಾಳ ರವಿಕೆಗೂ ಕತ್ತರಿ ತಾನೇ ತಿರುಗಿತು.
ಟೀಚರಿಗೆ ಹೇಳಲಿಲ್ಲ. ಅವಳಿಗೂ.

ಪ್ರಯೋಗದ ರಾತ್ರಿ ರಂಗಮಂದಿರದ ಸೋಫಾಗಳು ಅಧಿಕಾರಿಗಳಿಗೆ.
ಈಗ ಸಾಹೇಬರು ಮಾಜಿ; ಅಮ್ಮ ಒಬ್ಬರೇ ಬಂದು
ಏಳನೇ ಸಾಲಿನ ತುದಿಯಲ್ಲಿ ಕೂತರು, ಫ್ಯಾನಿಲ್ಲದ ಕಡೆ.
ಮೂರನೇ ದೃಶ್ಯಕ್ಕೆ ಸುಲಕ್ಷಾ ಮಾತು ಮರೆತಳು.
ಸಹಾಯಕ್ಕೆಂದು ಗುನಗಿಯವರು ಕೆಮ್ಮಿದರು.
ಮೂವರು ಸೆರಗು ಸರಿಮಾಡಿಕೊಂಡರು.
ಅವಳ ಕೈ ಸೆರಗಿನಡಿ ಹೋದದ್ದು ಅಲ್ಲೇ ನಿಂತಿತು.
ಅವಳಿಗೆ ಜೇಬು ಎಂದೋ ಸಿಕ್ಕಿತ್ತು;
ಅಂದಿನ ಮೀನಿನ ದುಡ್ಡು ಅದರೊಳಗೇ ಇತ್ತು.
ಹೊರತೆಗೆದು, ಉಗುಳು ಹಚ್ಚಿ ಎಣಿಸತೊಡಗಿದಳು,
ಏಕ, ದೋನ, ತೀನ, ಚಾರ.

ಮತ್ತೆ ಕೆಮ್ಮು. ಅವಳು ಎಣಿಸುತ್ತಲೇ ಇದ್ದಳು.
ಇನ್ನೂ ಜೋರು ಕೆಮ್ಮು. ಸೋಫಾಗಳು ಬಿದ್ದು ಬಿದ್ದು ನಕ್ಕವು.
ನಾನು ಪರದೆಯ ಸಂದಿಯಿಂದ ಏಳನೇ ಸಾಲು ನೋಡುತ್ತಿದ್ದೆ.
ಕತ್ತಲೆ. ಮಡಿಲ ಮೇಲೊಂದು ಕೈ.
ಬೆರಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

ಮುಂದಿನ ಪ್ರಯೋಗ ಕುಮಟೆಯಲ್ಲಿ.
ಎಣಿಸುವುದನ್ನು ಟೀಚರು ಈಗ ಪಠ್ಯಕ್ಕೇ ಸೇರಿಸಿದ್ದಾರೆ, ಕಂಸದಲ್ಲಿ.
ಸುಲಕ್ಷಾಗೆ ಮಾತ್ರ ನಟಿಸಿ ಎಣಿಸಲು ಬರುವುದಿಲ್ಲ.
ಒಂದು ನೋಟು ಕಮ್ಮಿ ಬಂದರೆ
ಗಂಡ ಎಷ್ಟೇ ಕೆಮ್ಮಲಿ,
ಮತ್ತೆ ಮೊದಲಿಂದ.