ಕಿವಿರು ಎತ್ತಿ ನೋಡುವುದು

ನೂರ ತೊಂಬತ್ತೊಂಬತ್ತು ಮೆಟ್ಟಿಲು, ಮೇಲೆ ಅಬ್ಬೆ
ಎಂದು ನಾನು ಓದಿದ್ದೇ ತಪ್ಪಾಯಿತು.
‘ಯಾರ ಅಬ್ಬೆ?’ ಎಂದಳು ಆಯಿ.
ಯಾರದೂ ಅಲ್ಲ, ಹಳೇ ಮಠ, ಮಾಡು ಬಿದ್ದಿದೆ,
ಗೋಡೆ ಉಳಿದಿದೆ, ನೋಡಲು ಟಿಕೇಟು.
‘ಬಿದ್ದ ಮಾಡಿಗೆ ದುಡ್ಡು ಕೊಡೂದಾ?’
ಮೂರನೇ ಮೆಟ್ಟಿಲಲ್ಲಿ ಕೂತು ಮಂಡಿ ನೀವಿಕೊಂಡಳು.
ಸೀರೆಯ ಮೇಲೆ ನನ್ನ ಜಾಕೀಟು,
ಕಾಲಿಗೆ ಕುಮಟೆ ಪೇಟೆಯ ಕ್ಯಾನ್ವಾಸು ಬೂಟು.

ಎರಡು ವರ್ಷ ಕಟ್ಟಿದ ಚೀಟಿ ಎತ್ತಿ ಕರೆತಂದಿದ್ದೆ.
ಲಂಡನ್ನಿನಲ್ಲಿ ಅರಮನೆ ತೋರಿಸಿದೆ,
ಗಡಿಯಾರದ ಗೋಪುರ, ಬಾಯಿ ತೆರೆಯುವ ಸೇತುವೆ.
ಎಲ್ಲಕ್ಕೂ ‘ಚಂದ ಉಂಟು’ ಎಂದಳು,
ಯಾರದೋ ಮದುವೆಯಲ್ಲಿ
ನೀರಾದ ಪಾಯಸ ಹೊಗಳುವ ದನಿಯಲ್ಲಿ.

ಇಲ್ಲಿ, ಈ ವಿಟ್ಬಿಯಲ್ಲಿ, ರೈಲಿಳಿದ ಗಳಿಗೆಯಲ್ಲೇ
ಮೂಗು ಮೇಲೆತ್ತಿದಳು.
ಕೆಸರಿನಲ್ಲಿ ವಾಲಿ ಕೂತ ದೋಣಿಗಳನ್ನು ಕಂಡು
‘ಇಳಿತ. ಮೂರು ಗಂಟೆಗೆ ನೀರು ತುಂಬ್ತದೆ ಕಾಣು’ ಎಂದಳು.
ಮೂರೂ ಹತ್ತಕ್ಕೆ ತುಂಬಿತು.
ಆ ಹತ್ತು ನಿಮಿಷದ ತಪ್ಪನ್ನು
ನನ್ನ ಗಡಿಯಾರದ ಮೇಲೆ ಹಾಕಿದಳು.

ಮೀನಂಗಡಿಯಲ್ಲಿ, ನಾನು ಬೇಡವೆನ್ನುವ ಮೊದಲೇ
ಮಂಜುಗಡ್ಡೆಯ ಮೇಲಿನ ಹ್ಯಾಡಕ್ಕಿನ
ಕಿವಿರು ಎತ್ತಿ ಬೆರಳು ತೂರಿಸಿದ್ದಳು.
ಮುದುಕ ಕತ್ತಿ ಹಿಡಿದೇ ನಿಂತ.
‘ಕೆಂಪುಂಟು. ನಿನ್ನೆ ರಾತ್ರಿದು.’
ಇಂಗ್ಲಿಷಿಗೆ ದಾಟಿಸಿದೆ. ಅವನು ಕತ್ತಿ ಕೆಳಗಿಟ್ಟು
ಇನ್ನೊಂದು ಮೀನನ್ನು ಅವಳತ್ತ ತಳ್ಳಿದ.
ಆಯಿ ನೋಡಿದಳು, ಮೂರು ಬೆರಳು ತೋರಿಸಿದಳು.
ಅವನು ಗಿರಾಕಿಗಳ ಕಡೆ ಕಣ್ಣು ಹೊರಳಿಸಿ
ತುಟಿಯ ಮೇಲೆ ಬೆರಳಿಟ್ಟ.
ಇಬ್ಬರೂ ನಕ್ಕರು. ದಾಟಿಸಲು ನನಗೇನೂ ಉಳಿದಿರಲಿಲ್ಲ.

ಬಂದರದ ಬೆಂಚಿನ ಮೇಲೆ ಕರಿದ ಮೀನು,
ಹೆಬ್ಬೆರಳು ಗಾತ್ರದ ಬಟಾಟೆ, ಹಸಿರು ಬಟಾಣಿಯ ಗೊಜ್ಜು.
ಮೀನಿನ ಹಿಟ್ಟಿನ ಅಂಗಿ ಬಿಚ್ಚಿ ಬದಿಗಿಟ್ಟಳು.
‘ಮುಳ್ಳೇ ಇಲ್ವಲೇ! ಮುಳ್ಳಿಲ್ಲದ ಮೀನು
ಬಯ್ಯದ ಅತ್ತೆ ಇದ್ದಂಗೆ, ನಂಬೂಕಾಗ.’
ಆದರೂ ತಿಂದಳು, ಚೀಲದಿಂದ ಖಾರದ ಪೊಟ್ಟಣ ತೆಗೆದು
ನನ್ನ ಪಾಲಿಗೂ ಕೇಳದೆ ಉದುರಿಸಿ.
ಬಿಳೀ ಹಕ್ಕಿಯೊಂದು ಎರಗಿ ಅವಳ ಕೈಯದೇ ತುಂಡು ಕಸಿದು ಹಾರಿತು.
‘ಖಾರ ಹತ್ತೂದು ಆಮೇಲೆ’ ಎಂದು
ಅದು ಹೋದ ದಿಕ್ಕನ್ನೇ ನೋಡುತ್ತ ಕೂತಳು.

ಎಲ್ಲಕ್ಕಿಂತ ಹೊತ್ತು ನಿಂತದ್ದು ಹೊಗೆಮನೆಯ ಮುಂದೆ.
ಒಳಗೆ ಟಾರಿನಂತೆ ಕಪ್ಪಾದ ಗೋಡೆ,
ಸಾಲಾಗಿ ತೂಗುವ ಮೀನು, ಜೋಡಿ ಜೋಡಿ.
ನಾವು ಬಿಸಿಲಿಗೆ ಹಾಕುವುದನ್ನು
ಬಿಸಿಲಿಲ್ಲದವರು ಹೊಗೆಗೆ ಹಾಕುತ್ತಾರೆ.
ಎರಡು ಜೋಡಿ ಕಟ್ಟಿಸಿಕೊಂಡಳು. ಚೌಕಾಸಿ ಮಾಡಲಿಲ್ಲ.

ಸಂಜೆಯ ಬಸ್ಸು. ಮೇಲಂತಸ್ತು, ಮುಚ್ಚಿದ ಕಿಟಕಿ.
ಕೂತವಳೇ ಆಯಿ, ಯಾರೂ ಹೇಳದೆ,
ಪೊಟ್ಟಣವನ್ನು ಪಾದದಿಂದ ಸೀಟಿನಡಿಗೆ ತಳ್ಳಿದಳು.

ಏಳರ ಅಂಕೋಲೆ ಬಸ್ಸು. ‘ಬುಟ್ಟಿ ಹಿಂದೆ ಇಡು,
ವಾಸನೆ’ ಎನ್ನುವ ಕಂಡಕ್ಟರು.
ಮೂರು ಸೀಟು ಮುಂದೆ, ನೀಲಿ ಲಂಗದ ಗೆಳತಿಯರ ನಡುವೆ,
ಕಿಟಕಿಯಾಚೆ ಮುಖ ಮಾಡಿದವಳು ನಾನು.
‘ಒಂದು ದೊಡ್ಡದು, ಒಂದು ಅರ್ಧ’ ಎಂದು
ಒದ್ದೆ ನೋಟು ಕೊಡುತ್ತಿದ್ದಳು.
ಅರ್ಧ ಯಾರದೆಂದು
ಒಂದು ದಿನವೂ ಕೈಮಾಡಿ ತೋರಿಸಲಿಲ್ಲ.

ಮುಂದಿನ ಸೀಟಿನ ಅಜ್ಜಿ ತಟ್ಟನೆ ಹಿಂತಿರುಗಿದಳು.
ನನ್ನ ಬೆನ್ನು ಸೆಟೆಯಿತು.
ಏನೋ ಅಂದಳು, ಕಣ್ಣು ಮುಚ್ಚಿ, ಎದೆತುಂಬ ಉಸಿರೆಳೆದು.
‘ಎಂತದಂತೆ?’ ಆಯಿ ನನ್ನ ಮೊಣಕೈ ಹಿಡಿದಳು.
‘ಯಾವ ಅಂಗಡಿದು ಅಂತ ಕೇಳ್ತಿದ್ದಾಳೆ.’

ಬಗ್ಗಿದಳು. ಪೊಟ್ಟಣ ತೊಡೆಗೆ ಬಂತು, ದಾರ ಬಿಚ್ಚಿತು,
ಹೊನ್ನಿನ ಬಣ್ಣದ ಮೀನು ಅಜ್ಜಿಯ ಮೂಗಿನ ಹತ್ತಿರ ಹೋಯಿತು.
ಕಿವಿರು ಎತ್ತಿ ತೋರಿಸಹೋದರೆ ಎಲ್ಲಿದೆ ಕಿವಿರು,
ಸೀಳಿ ಹರವಿದ ಮೀನಿನಲ್ಲಿ?
ಬಾಲವನ್ನೇ ಎತ್ತಿ ತೋರಿಸಿದಳು.

ಇಡೀ ಬಸ್ಸಿಗೆ ಹೊಗೆಮೀನಿನ ಘಾಟು.
ಕಿಟಕಿಯ ಹಿಡಿ ನನ್ನ ಕೈಗೆ ಎಟುಕುವಷ್ಟರಲ್ಲೇ ಇತ್ತು.
ನಾನು ತೆಗೆಯಲಿಲ್ಲ.