ಸುಮ್ಮನೆ, ಹದಿನಾಲ್ಕು ದಿನ

ಕಾರ್ಡಿನ ಮೇಲೆ ಅಚ್ಚಾಗಿತ್ತು: ಇರುವುದಕ್ಕೆ ಕಾಲಮಿತಿಯಿಲ್ಲ.
ಪಕ್ಕದಲ್ಲೇ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ,
ಈ ಕಾರ್ಡು ಸಾಯುವ ತಾರೀಖು.
ಡಿಸೆಂಬರ್ ಮೂವತ್ತೊಂದಕ್ಕೆ ಅದು ಸತ್ತಿತು.
ಮರುದಿನ ಸ್ಟೋಕ್ ಊರಿಗೆ ಬಸ್ಸಿರಲಿಲ್ಲ,
ನಾನು ನಡೆದೇ ಡ್ಯೂಟಿಗೆ ಹೋದೆ.

ಈಗ ನನ್ನ ಹಕ್ಕು ಎಲ್ಲೋ ಗಾಳಿಯಲ್ಲಿದೆಯಂತೆ.
ಬಾಡಿಗೆ ಮನೆಯ ಏಜೆಂಟನಿಗೆ ಒಂಬತ್ತಕ್ಷರದ ಗುಟ್ಟು ಹೇಳಬೇಕು,
ಅವನು ಒತ್ತಿದರೆ ಪರದೆಯಲ್ಲಿ ನಾನು ಮೂಡಬೇಕು.
ಮೊನ್ನೆ ಚಕ್ರ ಸುತ್ತುತ್ತಲೇ ಇತ್ತು.
ಅವನು ಪೆನ್ನು ಕಚ್ಚಿಕೊಂಡು ಕಾದ, ನೀಲಾಂಬಿಕಾ ಬರಲೆಂದು.
ನಾನು ಎದುರಿಗೇ ಕೂತಿದ್ದೆ,
ಪೂರ್ತಿ ಐದಡಿ ಎರಡಿಂಚು.

ಬಿಡು ಅನ್ನುವುದು ನಮ್ಮಲ್ಲಿ ಪೋಕರಿ ಮಾತು.
ಊರು ಬಿಟ್ಟೆ. ಇಲ್ಲಿ ಇರಲು ಬಿಟ್ಟರು.
ಎರಡು ವರ್ಷ ಒಂದೇ ಸಮ ಹೊರಗಿದ್ದರೆ
ಬಿಟ್ಟದ್ದನ್ನೂ ಬಿಡಿಸಿಕೊಳ್ಳುತ್ತಾರೆ.
ಬಿಡಾರ ಎಂಬ ಪದ ಎಲ್ಲಿಂದ ಬಂತೆಂದು
ನನಗಂತೂ ಯಾರೂ ಹೇಳಿಕೊಡಬೇಕಾಗಿಲ್ಲ.

ಅದಕ್ಕೂ ಮುಂಚೆ ಐದು ವರ್ಷದ ಲೆಕ್ಕ ಕೇಳಿದ್ದರು,
ಹೊರಗೆ ಕಳೆದ ಒಂದೊಂದು ದಿನದ್ದೂ, ಕಾರಣ ಸಮೇತ.
ಅಡುಗೆಮನೆಯ ನೆಲದ ಮೇಲೆ ಕೂತು
ಮಸುಕಾದ ಠಸ್ಸೆಗಳನ್ನು ದೀಪಕ್ಕೆ ಹಿಡಿದು ಕೂಡಿಸಿದೆ:
ತಂಗಿಯ ಮದುವೆ, ಇಪ್ಪತ್ತೊಂದು.
ಹಲ್ಲು ಕೀಳಿಸಲು, ಒಂಬತ್ತು;
ಇಲ್ಲಿ ಪಾಳಿ ಬರುವಷ್ಟರಲ್ಲಿ ಹಲ್ಲು ತಾನೇ ಉದುರುತ್ತಿತ್ತು.
ಚಿಕ್ಕಪ್ಪನ ಕೇಸಿಗೆ ಸಾಕ್ಷಿ, ಹದಿನೇಳು. ವಾಯಿದೆ ಮುಂದಕ್ಕೆ ಹೋಯಿತು.
ಆಮೇಲೊಂದು ಹದಿನಾಲ್ಕು ದಿನ.
ಯಾಕೆ ಹೋಗಿದ್ದೆ? ಸುಮ್ಮನೆ.
ಹುಬ್ಬಳ್ಳಿ ಸ್ಟೇಷನ್ನಿನೆದುರು ನಿಂತು ಗಿರ್ಮಿಟ್ ತಿಂದದ್ದು,
ಖಾರಕ್ಕೆ ಮೂಗು ಸೋರಿದ್ದು, ಇಷ್ಟೇ ನೆನಪು.
ಸುಮ್ಮನೆ ಎಂಬುದನ್ನು ಆ ಖಾನೆ ಒಪ್ಪಲಿಲ್ಲ.
ಮೂರು ಸಲ ಕೆಂಪಾಯಿತು.
ರಜೆ ಎಂದು ಬರೆದೆ.

ನಾನು ನೋಡಿಕೊಳ್ಳುವ ಡೋರೀನಳಿಗೆ ಎಂಬತ್ತೆಂಟು.
ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಬಟ್ಟಲಿನ ಅಂಚಿಗೆ ನೀಲಿ ಹೂ ಬರೆದವಳು.
ಯಾವ ಬಟ್ಟಲು ಕೊಟ್ಟರೂ ಮೊದಲು ಮಗುಚಿ ತಳದ ಮುದ್ರೆ ನೋಡುತ್ತಾಳೆ;
ಎಷ್ಟೋ ಸಲ ಚಹಾ ಇರುವಾಗಲೇ.
ಹಾಗೆಯೇ ಒಂದು ಸಂಜೆ ನನ್ನ ಕೈ ಹಿಡಿದು ಮಗುಚಿದಳು.
ಕನ್ನಡಕ ಹುಡುಕಿಸಿ, ಹಾಕಿಕೊಂಡು,
ಯಾವ ಆವಿಗೆಯಲ್ಲಿ ಸುಟ್ಟದ್ದು ಇದನ್ನ, ಎಂದಳು.
ಹುಬ್ಬಳ್ಳಿ, ಎಂದೆ. ಕೇಳಿಸಲಿಲ್ಲ.
ಹೆಬ್ಬೆರಳ ಬುಡದ ಕೆಂಪು ಕಲೆಯ ಮೇಲೆ ಅವಳ ಬೆರಳು ನಿಂತಿತು.
ಅದು ಅವಳದೇ ಕೆಟಲಿನ ಬಿಸಿನೀರು, ಹೋದ ಚಳಿಗಾಲದ್ದು.
ಸವರಿದಳು, ಉಗುರಿನಿಂದ ಕೆರೆದೂ ನೋಡಿದಳು.
ಹೋಗಲ್ಲ ಇದು, ಎಂದಳು.
ಆಮೇಲೆ ಸಕ್ಕರೆ ಎರಡು ಚಮಚ ಹಾಕು, ಎಂದಳು,
ನೆಲದ ಮೇಲೆ ಚೆಲ್ಲಿದ್ದ ಚಹಾಕ್ಕೆ.